ನೀಟ್ ಓದಿಗೆ ಯಾವ ನೋಟ್ಸ್? ನಾಲ್ಕು ಬಗೆ ಮಾಡಿ ನೋಡಿದ ಮೇಲೆ

ಎರಡನೇ ಪಿಯು ವರ್ಷದಲ್ಲೂ ಅದಾದ ಮೇಲೆ ನೀಟನ್ನು ಮತ್ತೆ ಬರೆಯಲೆಂದೇ ಓದಿದ ಲಾಂಗ್ ಟರ್ಮ್ ವರ್ಷದಲ್ಲೂ ನಾನು ನಾಲ್ಕು ಬಗೆಯ ನೋಟ್ಸ್ ಮಾಡಿ ನೋಡಿದೆ. ಕ್ಲಾಸ್ ನೋಟ್ಸನ್ನು ಫೇರ್ ಮಾಡಿ ಬರೆದ ಲಾಂಗ್ ಬುಕ್ಕುಗಳು, ಎನ್‌ಸಿಇಆರ್‌ಟಿ ಪುಸ್ತಕದ ಅಂಚಿನಲ್ಲೇ ಬರೆದದ್ದು, ಆಂಕಿ ಎಂಬ ಆಪ್‌ನ ಪ್ರಶ್ನೋತ್ತರ ಕಾರ್ಡುಗಳು, ಟೆಸ್ಟಿನಲ್ಲಿ ತಪ್ಪಾದದ್ದನ್ನಷ್ಟೇ ಬರೆದಿಡುವ ಪುಸ್ತಕ. ಈಗ ಓದುತ್ತಿರುವವರು ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜೀವಶಾಸ್ತ್ರಕ್ಕೆ ಪುಸ್ತಕದ ಅಂಚು, ಭೌತಶಾಸ್ತ್ರಕ್ಕೆ ತಪ್ಪಿನ ಪುಸ್ತಕ. ಮೂರೂ ವಿಷಯಕ್ಕೆ ಒಂದೇ ಬಗೆಯನ್ನು ಹಿಡಿದು ಕೂತರೆ ಯಾವುದೋ ಒಂದು ವಿಷಯ ಸೊರಗುತ್ತದೆ.

ಅಳೆಯುವುದಕ್ಕೆ ಪರೀಕ್ಷೆಯೇ ಅಳತೆಗೋಲು. 2025ರಿಂದ ಪತ್ರಿಕೆ ಮತ್ತೆ 180 ಪ್ರಶ್ನೆ, 180 ನಿಮಿಷ, 720 ಅಂಕಕ್ಕೆ ಬಂದಿದೆ. ಜೀವಶಾಸ್ತ್ರದ್ದು 90, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ್ದು ತಲಾ 45. ಸರಿಯಾದರೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಹಿಂದಿನ ವರ್ಷಗಳಲ್ಲಿದ್ದ, ಬೇಕಾದವನ್ನಷ್ಟೇ ಆರಿಸಿ ಉತ್ತರಿಸುವ ಪ್ರಶ್ನೆಗಳು ಈಗಿಲ್ಲ. ನಮ್ಮ ರಾಜ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ಇಕ್ಕಟ್ಟಿದೆ. ಮಾರ್ಚಿನಲ್ಲಿ ಪಿಯು ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ವಾರದ ಹೊತ್ತಿಗೆ ನೀಟ್. 2024ರಲ್ಲಿ ಮೇ 5ಕ್ಕಿತ್ತು, 2025ರಲ್ಲಿ ಮೇ 4ಕ್ಕೆ. ಆ ಸಣ್ಣ ಅವಧಿಯಲ್ಲಿ ಪೂರ್ತಿ ತಿರುವಿಹಾಕಲು ಆಗದ ನೋಟ್ಸ್ ಎಷ್ಟು ಚೆಂದವಿದ್ದರೂ ನೀಟ್‌ಗೆ ಒದಗುವುದಿಲ್ಲ.

ಫೇರ್ ನೋಟ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಯು ಬೋರ್ಡ್ ಪರೀಕ್ಷೆಗೆ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಐದು ಅಂಕದ ಉತ್ತರವನ್ನು ಚಿತ್ರ ಬರೆದು, ಭಾಗ ಗುರುತಿಸಿ ಮುಗಿಸಬೇಕು. ಕೈಗೆ ಆ ಅಭ್ಯಾಸ ಬೇಕೇ ಬೇಕು. ನೀಟ್‌ಗಾದರೆ ಅದು ತಿನ್ನುವ ಹೊತ್ತು ಬಹಳ. ಪುಸ್ತಕದಲ್ಲಿ ಅಚ್ಚಾಗಿರುವುದನ್ನೇ ಇನ್ನೊಮ್ಮೆ ಬರೆಯುವಾಗ ಕೈ ಓಡುತ್ತದೆ, ತಲೆ ಅಷ್ಟಾಗಿ ಓಡುವುದಿಲ್ಲ. ಹೈಲೈಟರ್ ಗೆರೆಗೂ ಇದೇ ಮಾತು.

ಪುಸ್ತಕದ ಅಂಚು ಬೇರೆಯೇ ಕತೆ. ಪರಿಷ್ಕೃತ ಎನ್‌ಸಿಇಆರ್‌ಟಿಯಲ್ಲಿ ಜೀವಶಾಸ್ತ್ರದ ಮೊದಲ ವರ್ಷಕ್ಕೆ 19 ಅಧ್ಯಾಯ, ಎರಡನೇ ವರ್ಷಕ್ಕೆ 13. ಪ್ರಶ್ನೆಗಳ ಬಹುಪಾಲು ಈ ಎರಡು ಪುಸ್ತಕಗಳ ಸಾಲುಗಳಿಂದಲೇ ಏಳುತ್ತವೆ. ಚಿತ್ರದ ಕೆಳಗಿನ ವಾಕ್ಯ, ಕೋಷ್ಟಕ, ಅಧ್ಯಾಯದ ಕೊನೆಯ ಸಾರಾಂಶ, ಯಾವುದನ್ನೂ ಬಿಡುವ ಹಾಗಿಲ್ಲ. ಹಾಗಿರುವಾಗ ನೋಟ್ಸ್ ಇನ್ನೊಂದು ಪುಸ್ತಕದಲ್ಲಿದ್ದರೆ ಕಣ್ಣು ಮೂಲದ ಸಾಲಿನಿಂದ ದೂರವಾಗುತ್ತದೆ. ಒಂದು ಪುಟ ಓದಿ, ಮುಚ್ಚಿ, ನೆನಪಾದದ್ದನ್ನು ಬಾಯಲ್ಲಿ ಹೇಳಿಕೊಂಡು, ಆಮೇಲೆ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆಯುತ್ತಿದ್ದೆ. ಸಾರಾಂಶ ಬರೆಯುತ್ತಿರಲಿಲ್ಲ. ಮೂತ್ರಪಿಂಡದ ಪಾಠದಲ್ಲಿ, ನಿಮಿಷಕ್ಕೆ 125 ಮಿಲಿ ಸೋಸಿದರೆ ದಿನಕ್ಕೆ 180 ಲೀಟರ್ ಆಗುತ್ತದೆ ಎಂಬ ಸಾಲಿನ ಎದುರು ನಾನು ಬರೆದದ್ದು ಇಷ್ಟೇ: "ದಿನಕ್ಕೆ ಎಷ್ಟು? ಹೊರಗೆ ಹೋಗುವುದು ಎಷ್ಟು? ಉಳಿದದ್ದು ಎಲ್ಲಿ ಹೀರಿಕೊಳ್ಳುತ್ತದೆ?" ಮುಂದಿನ ಸಲ ಆ ಪುಟ ತೆರೆದಾಗ ಅಚ್ಚಾದ ಭಾಗವನ್ನು ಕೈಯಿಂದ ಮುಚ್ಚಿ ಅಂಚಿನ ಪ್ರಶ್ನೆಗಳಿಗಷ್ಟೇ ಉತ್ತರ ಹೇಳುವುದು.

ಅಂಚಿನಲ್ಲಿ ಇನ್ನೆರಡು ಗುರುತು ಹಾಕುತ್ತಿದ್ದೆ. ಹಿಂದಿನ ಪತ್ರಿಕೆಯಲ್ಲಿ ಕೇಳಿದ ಸಾಲಿನ ಪಕ್ಕ ಆ ಇಸವಿ. ಒಂದೇ ವಿಷಯ ಬೇರೆ ಪಾಠದಲ್ಲೂ ಬಂದಿದ್ದರೆ ಆ ಪುಟದ ಸಂಖ್ಯೆ. ಎಡಿಎಚ್ ಹಾರ್ಮೋನು ಮೂತ್ರಪಿಂಡದ ಪಾಠದಲ್ಲೂ ಇದೆ, ಗ್ರಂಥಿಗಳ ಪಾಠದಲ್ಲೂ ಇದೆ. ಹೊಂದಿಸಿ ಬರೆಯುವ ಪ್ರಶ್ನೆಗಳು ಇಂಥ ಕಡೆಯಿಂದಲೇ ಬರುತ್ತವೆ. ಜಾಗ ಕಮ್ಮಿ ಇರುವುದೂ ಅನುಕೂಲವೇ, ಉದ್ದ ಬರೆಯಲು ಅಂಚು ಬಿಡುವುದೇ ಇಲ್ಲ. ಆದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಪ್ರಕಟಿಸಿದ ಸಿಲಬಸ್ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಈ ಬಗೆ ಪೂರ್ತಿಯಾಗುವುದಿಲ್ಲ. ಮಾಲ್ವೇಸಿ, ಕಾಂಪೊಸಿಟೆಯಂಥ ಸಸ್ಯ ಕುಟುಂಬಗಳು ಸಿಲಬಸ್‌ನಲ್ಲಿವೆ, ಪರಿಷ್ಕೃತ ಪುಸ್ತಕದಲ್ಲಿ ಅವುಗಳ ವಿವರ ಸಿಗುವುದಿಲ್ಲ. ಅಂಥದ್ದನ್ನು ಬೇರೆ ಹಾಳೆಯಲ್ಲಿ ಬರೆದು ಅದೇ ಪಾಠದ ಪುಟಕ್ಕೆ ಅಂಟಿಸಿದರೆ ಮುಗಿಯಿತು.

ಇನ್ನು ಆಂಕಿ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಮಾಡಿದ ಈ ಆಪ್ ಆಂಡ್ರಾಯ್ಡ್ ಫೋನಿನಲ್ಲಿ ಉಚಿತ. ನೀವು ಸುಲಭವಾಗಿ ಹೇಳಿದ ಕಾರ್ಡನ್ನು ತಡವಾಗಿ, ತಡವರಿಸಿದ ಕಾರ್ಡನ್ನು ಬೇಗ ಮತ್ತೆ ತೋರಿಸುತ್ತದೆ. ಒಂದಕ್ಕೊಂದು ಕಲಸಿಹೋಗುವ ಅಂಕಿಗಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಉಸಿರಾಟದ ಪಾಠವನ್ನೇ ನೋಡಿ. ಸಹಜ ಉಸಿರಿನಲ್ಲಿ ಒಳಗೆ ಹೊರಗೆ ಆಡುವ ಗಾಳಿ, ಅಂದರೆ ಟೈಡಲ್ ವಾಲ್ಯೂಮ್, 500 ಮಿಲಿ, ಹೆಚ್ಚುವರಿಯಾಗಿ ಒಳಗೆ ಎಳೆಯಬಹುದಾದದ್ದು 2500ರಿಂದ 3000, ಹೊರಗೆ ದೂಡಬಹುದಾದದ್ದು 1000ದಿಂದ 1100, ಶ್ವಾಸಕೋಶದಲ್ಲೇ ಉಳಿಯುವುದು 1100ರಿಂದ 1200. ಕೊನೆಯ ಎರಡು ಅಂಕಿಗಳನ್ನು ಬರೀ ಓದಿ ಬೇರೆ ಬೇರೆಯಾಗಿ ನೆನಪಿಡುವುದು ಬಹಳ ಕಷ್ಟ. ರೋಗ ಮತ್ತು ರೋಗಾಣು, ಗ್ರಂಥಿ ಮತ್ತು ಹಾರ್ಮೋನು, ಇವೂ ಕಾರ್ಡಿಗೆ ಹೇಳಿಮಾಡಿಸಿದವು.

ಆದರೆ ಇಡೀ ಜೀವಶಾಸ್ತ್ರವನ್ನು ಕಾರ್ಡಿಗೆ ಹಾಕುವುದು ಬೇಡ ಅನ್ನುತ್ತೇನೆ. ಎರಡು ಹೇಳಿಕೆ ಕೊಟ್ಟು ಯಾವುದು ಸರಿ ಎಂದು ಕೇಳುವ ಪ್ರಶ್ನೆಗಳಿಗೆ ಬಿಡಿ ಸಂಗತಿ ಸಾಲದು, ಪಾಠದ ಹರಿವು ಗೊತ್ತಿರಬೇಕು. ಬೇರೆಯವರು ಮಾಡಿದ ಸಾವಿರಾರು ಕಾರ್ಡುಗಳನ್ನು ಇಳಿಸಿಕೊಂಡರೆ ದಿನದ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ನಮ್ಮ ಕಡೆಯ ಎಷ್ಟೋ ವಸತಿ ಕಾಲೇಜುಗಳಲ್ಲಿ ಮೊಬೈಲನ್ನೇ ಬಿಡುವುದಿಲ್ಲ. ಅಲ್ಲಿರುವವರಿಗೆ ಕಾಗದದ ಕಾರ್ಡೇ ಸಾಕು. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ತೋರಿಸಿದ ದಾರಿ ಸರಳವಾಗಿದೆ. ಸರಿ ಹೇಳಿದ ಕಾರ್ಡು ಮುಂದಿನ ಡಬ್ಬಿಗೆ, ತಪ್ಪಿದ ಕಾರ್ಡು ವಾಪಸ್ ಮೊದಲ ಡಬ್ಬಿಗೆ. ಮೊದಲ ಡಬ್ಬಿಯನ್ನು ದಿನಾ ತೆಗೆಯಬೇಕು, ಹಿಂದಿನವನ್ನು ಅಪರೂಪಕ್ಕೆ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಇದಕ್ಕೆ ಒಳ್ಳೆಯ ರಟ್ಟು.

ಭೌತಶಾಸ್ತ್ರಕ್ಕೆ ಬಂದರೆ ಮೇಲಿನ ಯಾವುದೂ ನಡೆಯುವುದಿಲ್ಲ. ಸೂತ್ರಗಳ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ, ಅಂಕ ಹೋಗುವುದು ಸೂತ್ರ ಮರೆತದ್ದಕ್ಕಲ್ಲ. ಇಲ್ಲಿ ನನ್ನನ್ನು ಮುಂದೆ ತಂದದ್ದು ತಪ್ಪಿನ ಪುಸ್ತಕ. ಪ್ರತಿ ಮಾಕ್ ಟೆಸ್ಟ್ ಆದ ಮೇಲೆ ತಪ್ಪಿದ ಪ್ರಶ್ನೆ, ಅದರ ಪಾಠ, ತಪ್ಪಿದ ಕಾರಣ. ಕಾರಣ ಮೂರೇ ಬಗೆ: ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕ ತಪ್ಪಿತು, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲ. ಬಿಡಿಸಿದ ಉತ್ತರವನ್ನು ಪೂರ್ತಿ ನಕಲು ಮಾಡಬಾರದು, ದಾರಿ ಎಲ್ಲಿ ತಪ್ಪುತ್ತದೋ ಆ ಒಂದು ಹೆಜ್ಜೆ ಬರೆದರೆ ಸಾಕು. ಕೆಪಾಸಿಟರ್ ನಡುವೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯಗೊಡದ ವಸ್ತು) ತುಂಬುವ ಲೆಕ್ಕ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಯಾಟರಿ ತೆಗೆದ ಮೇಲೆ ತುಂಬಿದರೆ ಚಾರ್ಜ್ ಬದಲಾಗದು, ಶಕ್ತಿ ಇಳಿಯುತ್ತದೆ. ಬ್ಯಾಟರಿ ಇದ್ದಂತೆಯೇ ತುಂಬಿದರೆ ವೋಲ್ಟೇಜ್ ಬದಲಾಗದು, ಶಕ್ತಿ ಏರುತ್ತದೆ. ಪುಸ್ತಕದಲ್ಲಿ ಬರೆಯಬೇಕಾದದ್ದು "ಮೊದಲು ನೋಡು: ಬ್ಯಾಟರಿ ಇದೆಯೋ ಇಲ್ಲವೋ" ಎಂಬಷ್ಟು ಮಾತ್ರ.

ಒಂದು ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಕಾರಣದ ಕಾಲಂ ಮುಚ್ಚಿ ಮತ್ತೆ ಬಿಡಿಸಬೇಕು. ಹಾಗೆ ಮಾಡುತ್ತ ಹೋದರೆ ತಪ್ಪುಗಳು ಕೆಲವೇ ಪಾಠಗಳಲ್ಲಿ ಗುಂಪುಗೂಡಿರುವುದು ಕಾಣುತ್ತದೆ, ಎಲ್ಲಿ ಓದಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ನೆಗೆಟಿವ್ ಅಂಕದ ಲೆಕ್ಕದಲ್ಲೂ ಇದರ ಉಪಯೋಗ ದೊಡ್ಡದು. ಗೊತ್ತಿರುವ ಪ್ರಶ್ನೆಯೊಂದು ತಪ್ಪಿದರೆ ಬರಬೇಕಾದ 4 ಹೋಗಿ ಮೇಲೆ 1 ಕಳೆಯುತ್ತದೆ, ಒಟ್ಟು 5 ಅಂಕದ ವ್ಯತ್ಯಾಸ. ಯಾವ ಪಾಠದಲ್ಲಿ ಧೈರ್ಯ ಮಾಡಬಹುದು, ಯಾವುದರಲ್ಲಿ ಉತ್ತರದ ಹಾಳೆಯ ಗೋಲ ತುಂಬದೆ ಬಿಡಬೇಕು ಎಂಬುದನ್ನು ಈ ಪುಸ್ತಕದಷ್ಟು ಖಚಿತವಾಗಿ ಇನ್ಯಾವುದೂ ಹೇಳಲಿಲ್ಲ.

ರಸಾಯನಶಾಸ್ತ್ರವನ್ನು ಮೂರಾಗಿ ಒಡೆಯಬೇಕಾಯಿತು. ಫಿಸಿಕಲ್ ಭಾಗ ತಪ್ಪಿನ ಪುಸ್ತಕಕ್ಕೆ, ಇನಾರ್ಗ್ಯಾನಿಕ್ ಎನ್‌ಸಿಇಆರ್‌ಟಿ ಅಂಚಿಗೆ. ಆರ್ಗ್ಯಾನಿಕ್‌ಗೆ ಮಾತ್ರ ಡ್ರಾಯಿಂಗ್ ಶೀಟ್ ಬೇಕು. ನಡುವೆ ಬೆಂಜಾಲ್ಡಿಹೈಡ್ ಬರೆಯಿರಿ, ಅದನ್ನು ತಯಾರಿಸುವ ಕ್ರಿಯೆಗಳಿಗೆ ಒಳಗೆ ಬರುವ ಬಾಣ, ಅದು ನಡೆಸುವ ಕ್ರಿಯೆಗಳಿಗೆ ಹೊರಗೆ ಹೋಗುವ ಬಾಣ ಹಾಕಿ. ಟೊಲೀನ್‌ನಿಂದ ಬರುವುದು ಈಟಾರ್ಡ್ ಕ್ರಿಯೆ, ಬೆಂಜೀನ್‌ನಿಂದ ಗ್ಯಾಟರ್‌ಮನ್-ಕಾಖ್, ಬೆಂಜಾಯ್ಲ್ ಕ್ಲೋರೈಡ್‌ನಿಂದ ರೋಸನ್‌ಮುಂಡ್. ಹೊರಗೆ ಹೋಗುವ ಬಾಣಗಳಲ್ಲಿ ಕ್ಯಾನಿಜಾರೊ ಒಂದು, ಏಕೆಂದರೆ ಅದರಲ್ಲಿ ಆಲ್ಫಾ ಹೈಡ್ರೋಜನ್ ಇಲ್ಲ. ಪಟ್ಟಿಯಲ್ಲಿ ಬೇರೆ ಬೇರೆ ಸಾಲಾಗಿದ್ದ ಹೆಸರುಗಳು ಹೀಗೆ ಬರೆದಾಗ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಶೀಟನ್ನು ಗೋಡೆಗೆ ಅಂಟಿಸಿ ನೋಡುವುದಷ್ಟರಿಂದ ಫಲವಿಲ್ಲ, ಖಾಲಿ ಹಾಳೆಯಲ್ಲಿ ನೆನಪಿನಿಂದ ಮತ್ತೆ ಬಿಡಿಸಬೇಕು.

ಇದು ನನ್ನೊಬ್ಬರ ಅನುಭವವೇ ಎಂದು ಕೇಳುವವರಿಗೆ 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗವನ್ನು ಹೇಳುತ್ತೇನೆ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು, ಪಾಠ ಮುಚ್ಚಿ ನೆನಪಿನಿಂದ ಬರೆದವರು. ಓದಿದ ರಾತ್ರಿಯೇ ಎಲ್ಲ ಬಂದಂತೆ ಅನ್ನಿಸಿ, ಭಾನುವಾರದ ಟೆಸ್ಟಿನಲ್ಲಿ ಕೈಕೊಡುವುದು ಇದಕ್ಕೇ.

ಕನ್ನಡದ ಪ್ರಶ್ನೆಪತ್ರಿಕೆ ಆರಿಸಿಕೊಳ್ಳುವವರಿಗೆ ಒಂದು ಮಾತು. ಆ ಪತ್ರಿಕೆಯಲ್ಲಿ ಇಂಗ್ಲಿಷೂ ಜೊತೆಗಿರುತ್ತದೆ, ಎರಡರಲ್ಲಿ ವ್ಯತ್ಯಾಸ ಬಂದರೆ ಇಂಗ್ಲಿಷಿನದ್ದೇ ಅಂತಿಮ. ಹಾಗಾಗಿ ಅಂಚಿನ ಪ್ರಶ್ನೆಯನ್ನು ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ, ಪಾರಿಭಾಷಿಕ ಪದಗಳನ್ನು ಮಾತ್ರ ಎರಡೂ ಭಾಷೆಯಲ್ಲಿ ಬರೆದಿಡಿ. ಈ ಕೆಲಸವನ್ನು ಮೊದಲ ಪಿಯುವಿನಲ್ಲೇ ಶುರುಮಾಡಿದರೆ ಏಪ್ರಿಲ್‌ನ ಗಡಿಬಿಡಿಯಲ್ಲಿ ಪದಕೋಶ ಹುಡುಕುತ್ತ ಕೂರಬೇಕಾಗುವುದಿಲ್ಲ.