ಬಿದ್ರಿ ಬ್ಯಾಡ್ಜ್ ಅಂತ ತಗಡು ಕಳಿಸಿದ್ದಾನೆ, ನೀವಾದರೂ ಹುಷಾರಾಗಿರಿ

ಬರೆಯೋದೋ ಬೇಡವೋ ಅಂತ ಮೂರು ದಿನ ಒದ್ದಾಡಿದೆ. ನಾಚಿಕೆ, ಮತ್ತೇನಿಲ್ಲ. ಹೋದದ್ದು 4,500 ರೂಪಾಯಿ. ಅದರಲ್ಲಿ ನನ್ನದು ಬರೀ 900, ಉಳಿದದ್ದು ಗೆಳೆಯರದ್ದು. ನಾನೇ ಮುಂದೆ ಬಿದ್ದು ವಸೂಲಿ ಮಾಡಿದ್ದು. ಅದಕ್ಕೇ ಜಾಸ್ತಿ ಉರಿಯುತ್ತಿದೆ.

ಕಲಬುರಗಿಯಲ್ಲಿ ನಾವೊಂದಿಷ್ಟು ಜನ ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡೋ ಆಟ. (ಮನೆಯವರ ಲೆಕ್ಕದಲ್ಲಿ ಅದು ಇಪ್ಪತ್ತು ಮುಖದ ದಾಳದ ಲೂಡೋ.) ನಮ್ಮ ಆಟದಲ್ಲಿ ಐದು ಪಾತ್ರ, ಐದು ಬಣ, ಬಣಕ್ಕೊಂದು ಚಿಹ್ನೆ. ಎಮರಾಲ್ಡ್ ಎನ್‌ಕ್ಲೇವ್‌ಗೆ ಜಿಂಕೆಯ ತಲೆ, ಝೆಂಟಾರಿಮ್‌ಗೆ ರೆಕ್ಕೆಯ ಹಾವು, ಲಾರ್ಡ್ಸ್ ಅಲಯನ್ಸ್‌ಗೆ ಕಿರೀಟ, ಗಾಂಟ್ಲೆಟ್‌ನವರಿಗೆ ಕತ್ತಿ ಹಿಡಿದ ಕೈಗವಚ. ನಾನು ಹಾರ್ಪರ್ಸ್, ಅರ್ಧಚಂದ್ರದ ನಡುವೆ ಹಾರ್ಪ್ ವಾದ್ಯ. ಆಟದ ಹಳೆಯ ಆವೃತ್ತಿಗಳಲ್ಲಿ ಹಾರ್ಪರ್ಸ್ ಪಿನ್ ಮಂತ್ರದ ವಸ್ತು. ಹಾಕಿಕೊಂಡವನಿಗೆ ಮಿಂಚು ತಾಗಲ್ಲ, ಅವನ ಮನಸ್ಸನ್ನು ಯಾರೂ ಓದೋಕಾಗಲ್ಲ. ನನ್ನ ಮನಸ್ಸನ್ನು ಮಾತ್ರ ಬ್ಯಾಡ್ಜ್ ಮಾರಿದ ಮನುಷ್ಯ ಫೋನಲ್ಲೇ ಓದಿಬಿಟ್ಟ.

ಐವರೂ ಅವರವರ ಬಣದ ಚಿಹ್ನೆಯ ಬ್ಯಾಡ್ಜ್ ಮಾಡಿಸೋಣ ಅಂದೆವು. ಬೆಳ್ಳಿ ಚಂದ್ರ, ಕಪ್ಪು ಆಕಾಶ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸೋ ಬೀದರಿನ ಬಿದ್ರಿಗಿಂತ ಚೆಂದ ಇನ್ಯಾವುದರಲ್ಲಿ ಬರುತ್ತೆ ಹೇಳಿ? ಇನ್‌ಸ್ಟಾಗ್ರಾಂನಲ್ಲಿ "ಬೀದರ್ ಕರಕುಶಲ" ಅಂತ ಹಾಕಿಕೊಂಡಿದ್ದ ಒಬ್ಬ ಸಿಕ್ಕ. ನಮ್ಮಲ್ಲೊಬ್ಬಳು ಐದೂ ಚಿತ್ರ ತಾನೇ ಬಿಡಿಸಿ ಕಳಿಸಿದಳು. ಒಂದಕ್ಕೆ 900 ಅಂದ. ಅರ್ಧ ಅಡ್ವಾನ್ಸ್ ಅಂತ ಶುರು ಮಾಡಿ, ಎರಡನೇ ದಿನ "ಬೆಳ್ಳಿ ತರಬೇಕು ಅಣ್ಣಾ, ಪೂರಾ ಹಾಕ್ರಿ" ಅಂದ. ಹಾಕಿದೆ. ಬೆಳ್ಳಿ ರೇಟ್ ಈಗ ಎಲ್ಲಿದೆ, 900ಕ್ಕೆ ಎಷ್ಟು ಬೆಳ್ಳಿ ಕೂರುತ್ತೆ, ಅಷ್ಟೂ ಲೆಕ್ಕ ಬರಲಿಲ್ಲವಾ ನನಗೆ? ಬರಲಿಲ್ಲ. "ಕೋಟಿ ಮಣ್ಣೇ ಹಚ್ಚತೀರಾ?" (ಬೀದರ್ ಕೋಟೆಯ ಮಣ್ಣು, ಬಿದ್ರಿಗೆ ಕಪ್ಪು ಬರೋದು ಅದರಿಂದಲೇ) ಅಂತ ಕೇಳಿದ್ದಕ್ಕೆ "ಹೌದ್ರಿ ಅಣ್ಣಾ, ಕೋಟಿ ಒಳಗಿಂದೇ ತಂದದ್ದು" ಅಂದ. ಅಲ್ಲಿಗೆ ಕರಗಿಹೋದೆ.

ಪಾರ್ಸೆಲ್ ಬಂದ ದಿನ ನಾನೇ ಹೀರೋ. ಎಲ್ಲರೂ ಎದೆಗೆ ಚುಚ್ಚಿಕೊಂಡು ಫೋಟೊ ತೆಗೆಸಿಕೊಂಡರು. ಆಟ ನಡೆದದ್ದು ಗೆಳೆಯನ ಮನೆಯಲ್ಲಿ. ಅವನ ಅವ್ವ ಬೀದರಿನವರು. ಚಹಾ ತಂದಿಟ್ಟು ನನ್ನ ಬ್ಯಾಡ್ಜ್ ಕೈಗೆ ತಗೊಂಡರು. "ಬಿದ್ರಿ ಏನು? ತಡಿ, ಎಣ್ಣಿ ಹಚ್ಚಿದ್ರ ಕಪ್ಪು ಇನ್ನಾ ಏರ್ತದ" ಅಂತ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರು. ಕಪ್ಪು ಏರಲಿಲ್ಲ. ಅವರ ಬೆರಳಿಗೆ ಬಂತು. ಇನ್ನೆರಡು ಸಲ ತಿಕ್ಕಿದರು. ಚಂದ್ರ ಅಳಿಸಿಹೋದ. ಬೆಳ್ಳಿ ಅಂದುಕೊಂಡದ್ದು ಪೇಂಟ್. ಯಾರೂ ಮಾತಾಡಲಿಲ್ಲ. ಅವರು ಸೆರಗಿಗೆ ಬೆರಳು ಒರೆಸಿಕೊಂಡು ಮೆಲ್ಲಗೆ ಕೇಳಿದರು: "ಎಷ್ಟ ಕೊಟ್ಟಿ ತಮ್ಮಾ?" ನನ್ನ ಬಾಯಿಂದ ಸುಳ್ಳು ಬಂತು. ನೂರು ರೂಪಾಯಿ ಅಂದೆ. ದುಡ್ಡು ಕೊಟ್ಟ ನಾಲ್ಕೂ ಜನ ಅಲ್ಲೇ ಕೂತು ನನ್ನ ಮುಖ ನೋಡುತ್ತಿದ್ದರು.

ಫ್ರಿಜ್ ಮೇಲಿದ್ದ ಮ್ಯಾಗ್ನೆಟ್ ತಂದು ಹಿಡಿದರೆ ಟಪ್ ಅಂತ ಅಂಟಿತು. ಬಿದ್ರಿ ಅಂದರೆ ಸತು, ಜೊತೆಗೆ ಸ್ವಲ್ಪ ತಾಮ್ರ. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಇದರಲ್ಲಿ ಯಾವುದಕ್ಕೂ ಮ್ಯಾಗ್ನೆಟ್ ಅಂಟಲ್ಲ. ಕೋಟೆ ಮಣ್ಣು, ನವಸಾಗರ ಸೇರಿಸಿ ಹಚ್ಚಿದರೆ ಸತು ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ತಿಕ್ಕಿದರೆ ಹೋಗೋ ಬಣ್ಣ ಅಲ್ಲ ಅದು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು! 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ವಿಡಿಯೋ ಹುಡುಕಿ ಹುಡುಕಿ ನೋಡಿದವನು ನಾನು.

ಈಗ ಅವನ ಉತ್ತರ ಕೇಳಿ. ಮೊದಲು: "ಎಣ್ಣಿ ಯಾಕ ಹಚ್ಚಿದ್ರಿ ಅಣ್ಣಾ?" ತಪ್ಪು ನಮ್ಮದೇ! ಮ್ಯಾಗ್ನೆಟ್ ವಿಡಿಯೋ ಕಳಿಸಿದೆ. "ಅದು ಹಿಂದಿನ ಪಿನ್ನಿಗೆ ಅಂಟಿರ್ತದ." ಪಿನ್ ಕಿತ್ತು ಇನ್ನೊಂದು ವಿಡಿಯೋ ಕಳಿಸಿದೆ. ಅರ್ಧ ದಿನ ಸುಮ್ಮನಿದ್ದು, "ನಾವು ಬಿದ್ರಿ ಸ್ಟೈಲ್ ಅಂತ ಹಾಕೀವಿ, ಬಿದ್ರಿ ಅಂತ ಎಲ್ಲಿ ಅದ ತೋರಸ್ರಿ" ಅಂದ. ಹೋಗಿ ನೋಡಿದರೆ ಪೋಸ್ಟಲ್ಲಿ "ಸ್ಟೈಲ್" ಅಂತ ಹೊಸದಾಗಿ ಸೇರಿಸಿದ್ದಾನೆ. ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಬಂದ ಮೆಸೇಜ್ ನಾನು ಸಾಯೋತನಕ ಮರೆಯಲ್ಲ: "ಆಟದ ಸಾಮಾನಿಗೆ ಇಷ್ಟ್ಯಾಕ ಸಿಟ್ಟು ಅಣ್ಣಾ?" ಜೊತೆಗೆ ಕೈಮುಗಿದ ಚಿತ್ರ. ಆಮೇಲೆ ಬ್ಲಾಕ್.

1915ಕ್ಕೆ ಫೋನ್ ಮಾಡಿ ಗ್ರಾಹಕರ ದೂರು ಕೊಟ್ಟಿದ್ದೇನೆ. ದುಡ್ಡು ಬರುವ ಆಸೆ ಇಲ್ಲ. ನೀವು ತಗೊಳ್ಳೋದಾದರೆ ಪೋಸ್ಟಿನ ಸ್ಕ್ರೀನ್‌ಶಾಟ್ ಮೊದಲು ತೆಗೆದಿಡಿ, ಪೂರ್ತಿ ದುಡ್ಡು ಮುಂಚೆ ಹಾಕಲೇಬೇಡಿ. ಬಿದ್ರಿಗೆ 2006ರಲ್ಲೇ ಜಿಐ ಟ್ಯಾಗ್ (ಇದು ಆ ಊರಿನ ಸರಕು ಅನ್ನೋ ಕಾನೂನಿನ ಗುರುತು) ಸಿಕ್ಕಿದೆ. ಆ ಮಾತು ಎತ್ತಿ, ಮಾರುವವನು ಏನು ಹೇಳುತ್ತಾನೆ ನೋಡಿ. ಅದಕ್ಕಿಂತ ಬೀದರಿಗೇ ಹೋಗಿ. ಇಲ್ಲಿಂದ 2017ರಿಂದ ರೈಲು ಓಡುತ್ತಿದೆ. ಊರ ನಡುವಿನ ಹಳೆಯ ಗೋಪುರ ಚೌಬಾರಾ ಸುತ್ತಮುತ್ತ ಕೆಲಸಗಾರರು ಕೂತು ಬಡಿಯುವುದನ್ನು ಕಣ್ಣಾರೆ ನೋಡಿ ತಗೋಬಹುದು. ನನಗೆ ಸೋಮಾರಿತನ, ಫೋನಲ್ಲೇ ಮುಗಿಸಿದೆ.

ನಿನ್ನೆ ಗೆಳತಿಯ ಫೋನಿಂದ ಅವನ ಪುಟ ತೆಗೆದು ನೋಡಿದೆವು. ಅವಳು ಬಿಡಿಸಿದ ಜಿಂಕೆ ತಲೆ ಅಲ್ಲಿದೆ. "ನಮ್ಮ ಹೊಸ ಡಿಸೈನ್" ಅಂತೆ. ರೇಟು 1,100.