ಎಲ್‌ಸಿಡಬ್ಲ್ಯುಒ: ಪರೀಕ್ಷೆ ಪಾಸಾಗಿ ಎಂಟು ವರ್ಷದ ಮೇಲೆ ಮೋರ್ಸ್ ಕಲಿತೆ

ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡಲು ಲೈಸೆನ್ಸ್ ಕೊಡುವ ಹ್ಯಾಮ್ ರೇಡಿಯೊ ಪರೀಕ್ಷೆಗೆ ನಾನು ಕೂತಿದ್ದು 2012ರಲ್ಲಿ. ಆಗ ಕೆಳಗಿನ ಹಂತದ ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್, ಅಂದರೆ ಚುಕ್ಕೆ-ಗೆರೆಗಳ ಸಂಕೇತ, ಬೇಕಿರಲಿಲ್ಲ. ಮೇಲಿನ ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬರಬೇಕಿತ್ತು. ಜನರಲ್‌ನವರಿಗೆ ಸಿಗುವ, ವಿಯು2 ಎಂದು ಶುರುವಾಗುವ ಕಾಲ್‌ಸೈನೇ (ರೇಡಿಯೊದಲ್ಲಿ ನಮ್ಮ ಗುರುತಿನ ಹೆಸರು) ಬೇಕು ಅಂತ ನನಗೆ ಹಟ. ತರಬೇತಿಗೆ ಸೇರಿದೆ. ಮೊದಲ ದಿನವೇ ಕೈಗೆ ಒಂದು ಜೆರಾಕ್ಸ್ ಹಾಳೆ ಬಂತು: ಎ ಅಂದರೆ ಚುಕ್ಕೆ, ಗೆರೆ, ಬಿ ಅಂದರೆ ಗೆರೆ, ಮೂರು ಚುಕ್ಕೆ. ಮಗ್ಗಿಯ ಹಾಗೆ ಉರು ಹೊಡೆದೆ, ಪಾಸೂ ಆದೆ. ಶಿರಸಿಗೆ ವಾಪಸ್ ಬಂದು, ತೋಟದ ಎರಡು ತೆಂಗಿನ ಮರಗಳ ನಡುವೆ 20 ಮೀಟರ್ ಉದ್ದದ ಡೈಪೋಲ್ ಆಂಟೆನಾ ಎಳೆದು ಕಟ್ಟಿ, 7 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟು ಕೂತರೆ ಒಂದು ಕಾಲ್‌ಸೈನನ್ನೂ ಪೂರ್ತಿ ಹಿಡಿಯಲಾಗಲಿಲ್ಲ. ಬ್ಯಾಂಡಿನಲ್ಲಿ ಎಲ್ಲರೂ 18, 20 ಪದದ ವೇಗದಲ್ಲಿ ಹೋಗುತ್ತಿದ್ದರು. ನಾನು ಮೊದಲ ಅಕ್ಷರದ ಚುಕ್ಕೆ ಎಣಿಸುವಷ್ಟರಲ್ಲಿ ನಾಲ್ಕನೆಯದು ದಾಟಿರುತ್ತಿತ್ತು. ಮೋರ್ಸ್ ಒತ್ತುವ ಹಿತ್ತಾಳೆಯ ಕೀ ಬಟ್ಟೆ ಸುತ್ತಿಕೊಂಡು ಕಪಾಟು ಸೇರಿತು. ಎಂಟು ವರ್ಷ ಬರೀ ಮೈಕ್ ಹಿಡಿದು ಮಾತಾಡಿದೆ.

2020ರಲ್ಲಿ ಶಾಲೆ ಮುಚ್ಚಿ ಮನೆಯಲ್ಲೇ ಇದ್ದಾಗ ಎಲ್‌ಸಿಡಬ್ಲ್ಯುಒ ಎಂಬ ಜಾಲತಾಣ ತೆರೆದೆ. ‘ಲರ್ನ್ ಸಿಡಬ್ಲ್ಯು ಆನ್‌ಲೈನ್’ ಅನ್ನುವುದರ ಚಿಕ್ಕ ಹೆಸರು ಅದು. ಸಿಡಬ್ಲ್ಯು ಅಂದರೆ ರೇಡಿಯೊದಲ್ಲಿ ಮೋರ್ಸ್ ಕಳಿಸುವ ಬಗೆ. ಜರ್ಮನಿಯ ಹ್ಯಾಮ್ ಫೇಬಿಯನ್ ಕುರ್ಟ್ಸ್ ಮಾಡಿದ್ದು. ಒಂದು ಪೈಸೆ ಕೊಡಬೇಕಿಲ್ಲ. ಹೆಸರು ನೋಂದಾಯಿಸಿದರೆ ನಮ್ಮ ಅಂಕಗಳೆಲ್ಲ ಅಲ್ಲೇ ಉಳಿಯುತ್ತವೆ.

ಒಟ್ಟು 40 ಪಾಠ. ಮೊದಲ ಪಾಠದಲ್ಲಿ ಎರಡೇ ಅಕ್ಷರ, ಕೆ ಮತ್ತು ಎಂ. ಗೆರೆಗೆ ಡಾ, ಚುಕ್ಕೆಗೆ ಡಿ: ಡಾ-ಡಿ-ಡಾ, ಡಾ-ಡಾ. ಕೇಳಿದ್ದನ್ನು ಟೈಪ್ ಮಾಡುತ್ತಾ ಹೋಗಬೇಕು. ನೂರಕ್ಕೆ 90 ಸರಿ ಬಂದರೆ ಮುಂದಿನ ಪಾಠ, ಅಲ್ಲಿ ಇನ್ನೊಂದೇ ಅಕ್ಷರ ಜೊತೆಯಾಗುತ್ತದೆ. ಎ, ಬಿ, ಸಿ, ಡಿ ಅನ್ನುವ ಕ್ರಮವೇ ಇಲ್ಲ. ಇದಕ್ಕೆ ಕಾಕ್ ವಿಧಾನ ಎನ್ನುತ್ತಾರೆ.

ಇದರ ಗುಟ್ಟು ವೇಗದಲ್ಲಿದೆ. ಅಕ್ಷರಗಳು ಮೊದಲ ದಿನದಿಂದಲೇ 20 ಪದದ ವೇಗದಲ್ಲಿ ಬರುತ್ತವೆ. ಅಕ್ಷರ ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಿರುತ್ತಾರೆ. 8 ಪದದ ವೇಗದಲ್ಲಿ ಒಂದು ಚುಕ್ಕೆ 150 ಮಿಲಿಸೆಕೆಂಡ್ ಇರುತ್ತದೆ, ಮನಸ್ಸು ಆರಾಮಾಗಿ ಎಣಿಸುತ್ತದೆ. 20ಕ್ಕೆ ಹೋದರೆ ಅದೇ ಚುಕ್ಕೆ 60 ಮಿಲಿಸೆಕೆಂಡ್. ಎಣಿಸಲು ಪುರುಸೊತ್ತೇ ಇಲ್ಲ, ಇಡೀ ಅಕ್ಷರವನ್ನು ಒಂದು ದನಿಯಾಗಿ ಹಿಡಿಯಲೇಬೇಕು. ನಮ್ಮ ಕಡೆ ಯಕ್ಷಗಾನದ ಮದ್ದಳೆ ಕಲಿಯುವ ಹುಡುಗರಿಗೆ ಭಾಗವತರು ಮೊದಲು ಬಾಯಿತಾಳ ಹೇಳಿಸುತ್ತಾರೆ. ಪೆಟ್ಟು ಎಷ್ಟು ಅಂತ ಯಾರೂ ಹಾಳೆಯಲ್ಲಿ ಬರೆದು ಕೊಡುವುದಿಲ್ಲ. ನನಗೆ ತರಬೇತಿಯಲ್ಲಿ ಆಗಿದ್ದು ಹಾಳೆಯ ಪಾಠ. ಅದನ್ನು ಮರೆಯುವುದಕ್ಕೇ ಒಂದೂವರೆ ತಿಂಗಳು ಹಿಡಿಯಿತು.

ಅತಿ ಹೆಚ್ಚು ಕಷ್ಟಪಟ್ಟಿದ್ದು 28ನೇ ಪಾಠದಲ್ಲಿ. ಎಚ್ ಬರುವುದು ಅಲ್ಲಿ. ನಾಲ್ಕು ಚುಕ್ಕೆ. ಎಸ್‌ಗೆ ಮೂರು, 5ಕ್ಕೆ ಐದು. ಮೂರೂ ಒಂದೇ ಗುಕ್ಕಿನಲ್ಲಿ ಬಂದರೆ ಮಳೆಹನಿ ತಗಡಿನ ಮೇಲೆ ಬಿದ್ದ ಹಾಗೆ ಕೇಳುತ್ತಿತ್ತು. ಹದಿನೆಂಟು ದಿನ ಅಲ್ಲೇ ನಿಂತಿದ್ದೆ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಕಾಫಿಗೂ ಮೊದಲು ಕೂತೆ, 93 ಬಂತು.

ಆ ವರ್ಷ ಡಿಸೆಂಬರಿನ ಒಂದು ರಾತ್ರಿ ಕೀಯನ್ನು ಕಪಾಟಿನಿಂದ ತೆಗೆದು ಒರೆಸಿದೆ. ಗೊರಗೊರ ಸದ್ದಿನೊಳಗೆ ಒಂದು ಸಣ್ಣ ದನಿ ಸಿಕ್ಯು (ಯಾರಾದರೂ ಉತ್ತರಿಸಿ ಎಂಬ ಕರೆ) ಕೂಗುತ್ತಿತ್ತು. ಬರೆದುಕೊಳ್ಳುವ ಮೊದಲೇ ತಿಳಿಯಿತು: 4ಎಸ್7, ಶ್ರೀಲಂಕಾ. 5 ವ್ಯಾಟ್‌ನಲ್ಲಿ ಉತ್ತರಿಸಿದೆ. ನನಗೆ 559 ರಿಪೋರ್ಟ್ ಕೊಟ್ಟರು, ಅಂದರೆ ಸಿಗ್ನಲ್ ಪೂರ್ತಿ ತಿಳಿಯುತ್ತಿದೆ, ಬಲ ಮಧ್ಯಮ. ಸಿಡಬ್ಲ್ಯು ಸಿಗ್ನಲ್ಲಿಗೆ ಸಾಕಾಗುವುದು ಸುಮಾರು 150 ಹರ್ಟ್ಸ್ ಜಾಗ, ಮಾತಿಗಾದರೆ ಎರಡೂವರೆ ಸಾವಿರ ಬೇಕು, ಪವರ್ ಅಷ್ಟಗಲಕ್ಕೂ ಹರಡಿಹೋಗುತ್ತದೆ. ಅಷ್ಟು ಸಣ್ಣ ಪವರಿನಲ್ಲಿ ಮೈಕಿನಲ್ಲಿ ಎಷ್ಟು ಕೂಗಿದ್ದರೂ ಆ ರಾತ್ರಿ ನನ್ನ ದನಿ ಅವರಿಗೆ ಮುಟ್ಟುತ್ತಿರಲಿಲ್ಲ.

ಕೊರತೆಗಳೂ ಇವೆ. ಇದು ಕೇಳುವುದನ್ನು ಕಲಿಸುತ್ತದೆ, ಕೀ ಒತ್ತುವುದನ್ನಲ್ಲ. ಮಣಿಕಟ್ಟಿನ ಪಾಠಕ್ಕೆ ಬಲ್ಲವರೊಬ್ಬರ ಪಕ್ಕದಲ್ಲಿ ಕೂರಲೇಬೇಕು. ಪಾಠದ ದನಿ ತೀರಾ ಶುಭ್ರ. ಮಳೆಗಾಲದ ಸಿಡಿಲ ಸದ್ದಿನ ನಡುವೆ ಕೇಳುವ ಅಭ್ಯಾಸವನ್ನು ರೇಡಿಯೊ ಸೆಟ್ಟಿನ ಮುಂದೆಯೇ ಮಾಡಿಕೊಳ್ಳಬೇಕು. ನಮ್ಮಲ್ಲಿ ಆಷಾಢದಲ್ಲಿ ನೆಟ್ ಹೋದರೆ ಎರಡು ದಿನ ಹೋಯಿತು. ಅಭ್ಯಾಸದ ಎಂಪಿ3ಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಲೈಸೆನ್ಸಿಗೆ ಮೋರ್ಸ್ ಕಡ್ಡಾಯ ಬೇಕೇ? ಬೇಡ ಎನ್ನುತ್ತೇನೆ, ಮೋರ್ಸನ್ನು ಇಷ್ಟು ಪ್ರೀತಿಸುವವಳಾಗಿಯೇ. 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಮೋರ್ಸ್ ಬರಲೇಬೇಕು ಎಂಬ ಅಂತರರಾಷ್ಟ್ರೀಯ ಕಟ್ಟಳೆಯನ್ನು 2003ರಲ್ಲೇ ಸಡಿಲಿಸಿ ಆಯಾ ದೇಶಕ್ಕೆ ಬಿಟ್ಟರು. ಅಮೆರಿಕ 2007ರಲ್ಲಿ ಪರೀಕ್ಷೆಯಿಂದ ಪೂರ್ತಿ ತೆಗೆಯಿತು. ಹಡಗುಗಳೂ 1999ಕ್ಕೆ ಮೋರ್ಸ್ ಬಿಟ್ಟಿದ್ದವು. ಕಡ್ಡಾಯ ಮಾಡಿದರೆ ಮೋರ್ಸ್ ಉಳಿಯುತ್ತದೆ ಎನ್ನುವ ಹಿರಿಯರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಿಧಾನದ ಪರೀಕ್ಷೆಗೆಂದು ಕಲಿತ ಮೋರ್ಸ್ ನನ್ನನ್ನು ಎಂಟು ವರ್ಷ ಮೋರ್ಸಿನಿಂದಲೇ ದೂರ ಇಟ್ಟಿತ್ತು. ರೇಡಿಯೊ ಸುರಕ್ಷತೆ, ನಿಯಮ, ಆಂಟೆನಾ ಲೆಕ್ಕ ಇವನ್ನು ಬಿಗಿಯಾಗಿ ಕೇಳಲಿ. ಮೋರ್ಸನ್ನು ಬೇಕೆಂದವರು ಕಲಿಯಲಿ.

ನನ್ನ ಹತ್ತನೇ ತರಗತಿಯ ಹುಡುಗನೊಬ್ಬ ಕಳೆದ ತಿಂಗಳು ಮನೆಗೆ ಬಂದಿದ್ದ. “ಮೇಡಂ, ಮೋರ್ಸ್ ಬರದೇ ಇದ್ರೆ ಹ್ಯಾಮ್ ಆಗಕ್ಕೆ ಆಗಲ್ವಾ?” ಅಂದ. “ಆಗಬಹುದು ಕಣೋ, ಧಾರಾಳವಾಗಿ” ಅಂದು ಸಿದ್ಧಾಂತದ ನೋಟ್ಸ್ ಕೊಟ್ಟೆ. ಹೋಗುವಾಗ ಹೆಡ್‌ಫೋನ್ ಹಾಕಿ ಐದು ನಿಮಿಷ ಬ್ಯಾಂಡ್ ಕೇಳಿಸಿದೆ. ಈಗ ಅವನೇ ಎಲ್‌ಸಿಡಬ್ಲ್ಯುಒ ಶುರು ಮಾಡಿದ್ದಾನೆ. ಹತ್ತನೇ ಪಾಠದಲ್ಲಿದ್ದಾನಂತೆ, ಎಲ್ ಬಂದಾಗಲೆಲ್ಲ ಆರ್ ಅಂತ ಒತ್ತುತ್ತಿದ್ದಾನೆ.