‘ಸೌಮ್ಯ ವೈರಸ್, ತೊಂದರೆಯಿಲ್ಲ’ ಎಂಬ ವರದಿ ನಂಬಿ ಕಸಿಕಡ್ಡಿ ಕತ್ತರಿಸಬೇಡಿ

ಕಿತ್ತಳೆ, ನಿಂಬೆ ಜಾತಿಯ ಗಿಡಗಳನ್ನು ಕಸಿ ಮಾಡಿ ಮಾರುವವರು, ಹಳೇ ಮರಗಳಿಗೆ ಹೊಸ ತಳಿ ಕೂರಿಸುವವರು ಇದನ್ನು ಓದಲೇಬೇಕು.

ಒಂದು ನರ್ಸರಿಯಲ್ಲಿ ಆದದ್ದು ಇದು. ತಾಯಿಮರ ಸಿಹಿ ಕಿತ್ತಳೆಯದು, ನೋಡಲು ಆರೋಗ್ಯವಾಗಿತ್ತು. ಪ್ರತಿಕಾಯದಿಂದ ವೈರಸ್ ಪತ್ತೆಹಚ್ಚುವ ಎಲೈಸಾ ಪರೀಕ್ಷೆಯಲ್ಲಿ, ಕಿತ್ತಳೆ-ನಿಂಬೆ ಜಾತಿಗೆ ಕಸಿಯಿಂದಲೂ ಗಿಡಹೇನಿನಿಂದಲೂ ಹರಡುವ ಟ್ರಿಸ್ಟೆಜಾ ವೈರಸ್ ಇದೆ ಎಂದು ಬಂತು. ಎಂಸಿಎ13 ಎಂಬ ಪ್ರತಿಕಾಯ ಹಾಕಿ ನೋಡಿದಾಗ ನೆಗೆಟಿವ್. ಆ ಪ್ರತಿಕಾಯ ಬಹುಪಾಲು ತೀವ್ರ ಸ್ಟ್ರೇನ್‌ಗಳನ್ನಷ್ಟೇ (ಸ್ಟ್ರೇನ್ ಎಂದರೆ ಒಂದೇ ವೈರಸ್ಸಿನ ಬೇರೆ ಬೇರೆ ಬಗೆ) ಹಿಡಿಯುತ್ತದೆ. ಹಾಗಾಗಿ ಇರುವುದು ಸೌಮ್ಯ ಸ್ಟ್ರೇನ್, ತೀವ್ರವಾದದ್ದು ಬಂದರೂ ಇದೇ ತಡೆಯುತ್ತದೆ ಎಂದು ವರದಿ ಬರೆದುಕೊಟ್ಟರು. ಆ ಮರದ ಕಣ್ಣುಗಳು ಹುಳಿ ಕಿತ್ತಳೆ ಬೇರುಸಸಿಯ ಮೇಲೆ ಕೂತವು, ಗಿಡಗಳು ತೋಟ ಸೇರಿದವು. ಫಸಲಿಗೆ ಬರುವ ಹೊತ್ತಿಗೆ ಒಂದೊಂದೇ ಮರ ಎಲೆ ಬಾಡಿ, ಕಾಯಿ ಕೊಂಬೆಯಲ್ಲಿರುವಾಗಲೇ ಒಣಗತೊಡಗಿತು.

ಮೊದಲು ಬೇರುಕೊಳೆ ಅಂದುಕೊಂಡು ಔಷಧಿ ಸುರಿದರು. ಅದಕ್ಕೂ ಮುಂಚೆ ಒಂದು ಚಾಕು ಸಾಕಿತ್ತು. ಕಸಿಗಂಟಿನ ಮೇಲೂ ಕೆಳಗೂ ಬರುವಂತೆ ತೊಗಟೆಯ ತುಂಡೊಂದನ್ನು ಎಬ್ಬಿಸಿ ಒಳಮೈ ನೋಡಬೇಕು. ಗಂಟಿನ ಕೆಳಗೆ, ಹುಳಿ ಕಿತ್ತಳೆಯ ತೊಗಟೆಯಲ್ಲಿ, ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಜೇನುಗೂಡಿನಂತೆ ಒತ್ತೊತ್ತಾಗಿದ್ದರೆ ಟ್ರಿಸ್ಟೆಜಾ ಮೇಲೆ ಅನುಮಾನ ಪಡಲೇಬೇಕು. ಬೇರು ಕತ್ತರಿಸಿ ಅಯೋಡಿನ್ ಹಚ್ಚಿ. ನೀಲಿಗಪ್ಪು ಬಣ್ಣ ಬರದಿದ್ದರೆ ಅಲ್ಲಿ ಪಿಷ್ಟ ಖಾಲಿಯಾಗಿದೆ. ಗಂಟಿನ ಬಳಿ ಆಹಾರನಾಳ ಸತ್ತು, ಎಲೆಯಲ್ಲಿ ತಯಾರಾದದ್ದು ಬೇರಿಗೆ ಇಳಿದಿಲ್ಲ ಎಂದರ್ಥ.

ವರದಿ ಎಲ್ಲಿ ತಪ್ಪಿತು? ಮರದೊಳಗೆ ಒಂದೇ ಸ್ಟ್ರೇನ್ ಇದೆ ಎಂದು ಭಾವಿಸಿದ್ದರಲ್ಲಿ. ಟ್ರಿಸ್ಟೆಜಾದ ವಂಶಮಾಹಿತಿ ಇರುವ ಆರ್‌ಎನ್‌ಎ ಸುಮಾರು 19,300 ಅಕ್ಷರಗಳಷ್ಟು ಉದ್ದ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಅಭ್ಯಾಸವಿಲ್ಲ, ಹಾಗಾಗಿ ಹೊಸ ರೂಪಗಳು ಹುಟ್ಟುತ್ತಲೇ ಇರುತ್ತವೆ. ಮರವೋ ದಶಕಗಟ್ಟಲೆ ಬದುಕುತ್ತದೆ. ಪ್ರತಿ ಮೇಲ್ಕಸಿಯಿಂದಲೂ, ಗಿಡಹೇನಿನಿಂದಲೂ ಹೊಸ ಸ್ಟ್ರೇನ್ ಒಳಗೆ ಸೇರಬಹುದು. ಟಿ30, ಟಿ36, ವಿಟಿ, ಟಿ3 ಎಂಬ ಸ್ಟ್ರೇನ್‌ಗಳಲ್ಲಿ ಎರಡು ಮೂರು ಒಂದೇ ಮರದಲ್ಲಿರುವುದು ಅಪರೂಪವಲ್ಲ. ಬೇರೆ ಸ್ಟ್ರೇನ್‌ಗಳು ಒಂದೇ ಜೀವಕೋಶದಲ್ಲಿ ಸೇರಿದರೆ ತುಣುಕು ಅದಲುಬದಲಾಗುವ ಸಾಧ್ಯತೆಯೂ ಇದೆ. ಪ್ಲಮ್ ಜಾತಿಯ ಮರಗಳಿಗೆ ಬರುವ ಪ್ಲಮ್ ಪಾಕ್ಸ್ ಎಂಬ ಬೇರೊಂದು ವೈರಸ್ಸಿನ ರೆಕ್ ಸ್ಟ್ರೇನ್ ಹುಟ್ಟಿದ್ದೇ ಡಿ ಮತ್ತು ಎಂ ಸ್ಟ್ರೇನ್‌ಗಳು ಹಾಗೆ ಬೆರೆತು.

ಈ ಗುಂಪಿನಲ್ಲಿ ತೀವ್ರ ಸ್ಟ್ರೇನ್ ಅಲ್ಪ ಪ್ರಮಾಣದಲ್ಲಿದ್ದರೆ ಪರೀಕ್ಷೆಗೆ ಕಾಣುವುದಿಲ್ಲ. ಬೇರೆ ತಳಿಗೆ ಕಸಿ ಕಟ್ಟಿದಾಗ ಅಥವಾ ಗಿಡಹೇನು ಒಂದು ಭಾಗವನ್ನಷ್ಟೇ ಹೊತ್ತೊಯ್ದಾಗ ಪ್ರಮಾಣ ತಲೆಕೆಳಗಾಗಿ ಅದೇ ಮೇಲುಗೈ ಪಡೆಯಬಹುದು. ಎಂಸಿಎ13 ಕೂಡ ವೈರಸ್ಸಿನ ಹೊರಗವಚವಾದ ಹೊದಿಕೆ ಪ್ರೋಟೀನಿನ 124ನೇ ಸ್ಥಾನದ ಒಂದು ಅಮೈನೋ ಆಮ್ಲವನ್ನು ಅವಲಂಬಿಸಿದೆ. ಅಲ್ಲಿ ಫಿನೈಲ್‌ಅಲನಿನ್ ಇದ್ದರೆ ಹಿಡಿಯುತ್ತದೆ, ಟೈರೋಸಿನ್ ಇದ್ದರೆ ಬಿಡುತ್ತದೆ. ರೋಗದ ತೀವ್ರತೆಯನ್ನು ಅದು ಅಳೆಯುವುದೇ ಇಲ್ಲ! ಸೌಮ್ಯ ವೈರಸ್ ತಡೆಯುತ್ತದೆ ಎಂಬ ಮಾತೂ ಅರ್ಧ ಸತ್ಯ: ಒಂದು ಸ್ಟ್ರೇನ್ ತನ್ನದೇ ಸ್ಟ್ರೇನಿನ ಮತ್ತೊಂದು ವೈರಸ್ಸನ್ನಷ್ಟೇ ಹೊರಗಿಡುತ್ತದೆ. ಟಿ30 ಇದ್ದರೆ ವಿಟಿಗೆ ಬಾಗಿಲು ಮುಚ್ಚಿದಂತಲ್ಲ.

ವೈರಸ್ಸಿನ ವಂಶಮಾಹಿತಿಯ ತುಣುಕನ್ನು ಹೆಚ್ಚಿಸಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿಸುವವರು ಯಾವ ಪ್ರೈಮರ್ (ಹುಡುಕುವ ಜಾಗಕ್ಕೆ ಹೋಗಿ ಅಂಟುವ ಚಿಕ್ಕ ತುಣುಕು) ಎಂದು ಕೇಳಿ. ವೈರಸ್ಸಿನ ಆರ್‌ಎನ್‌ಎಯ ಕೊನೆಯ ತುದಿಯ (3′) ಕಡೆ ಸ್ಟ್ರೇನ್‌ಗಳ ನಡುವೆ ವ್ಯತ್ಯಾಸ ಕಡಿಮೆ. ವೈರಸ್ ಇದೆಯೋ ಇಲ್ಲವೋ ತಿಳಿಯಲು ಅಲ್ಲಿನ ಹೊದಿಕೆ ಪ್ರೋಟೀನ್ ಭಾಗ ಸರಿ. ಆರಂಭದ (5′) ಅರ್ಧದಲ್ಲಿ ವ್ಯತ್ಯಾಸ ಬಹಳ, ಸ್ಟ್ರೇನ್ ಗುರುತಿಸುವ ಪ್ರೈಮರ್ ಅಲ್ಲಿಗೇ ಹೊಂದಬೇಕು. ಪ್ರೈಮರಿನ 3′ ತುದಿಯಲ್ಲಿ ಒಂದೆರಡು ಅಕ್ಷರ ಹೊಂದದಿದ್ದರೂ ನೆಗೆಟಿವ್ ಬರಬಹುದು. ಜತೆಗೆ ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಗಿಡದ ಸ್ವಂತ ವಂಶವಾಹಿಯೊಂದನ್ನೂ ಪರೀಕ್ಷಿಸಿರಬೇಕು, ಸಾಮಾನ್ಯವಾಗಿ ನ್ಯಾಡ್5. ಅದೂ ಬರದಿದ್ದರೆ ಆರ್‌ಎನ್‌ಎ ಕೆಟ್ಟಿದೆ ಅಥವಾ ಗಿಡದಲ್ಲೇ ಇರುವ ಪಾಲಿಫಿನಾಲ್ ಎಂಬ ರಾಸಾಯನಿಕ ಅಡ್ಡಿಯಾಗಿದೆ. ಅದನ್ನು ನೆಗೆಟಿವ್ ಎಂದು ಬರೆದುಕೊಟ್ಟರೆ ಒಪ್ಪಬೇಡಿ.

ಮಾದರಿ ತೆಗೆಯುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ವೈರಸ್ ಆಹಾರನಾಳದಲ್ಲಿ ಮಾತ್ರ ಇರುತ್ತದೆ, ಅಲ್ಲೂ ಸಮನಾಗಿ ಹರಡಿರುವುದಿಲ್ಲ. ಹೊಸ ಚಿಗುರು ಬಲಿಯುವ ಹೊತ್ತಿಗೆ ಮರದ ನಾಲ್ಕೂ ದಿಕ್ಕಿನಿಂದ ಎಲೆತೊಟ್ಟು, ಎಳೆ ತೊಗಟೆ ತೆಗೆಯಿರಿ. ಸುಡುಬಿಸಿಲಿನ ತಿಂಗಳಲ್ಲಿ ಬೇಡ, ಆಗ ವೈರಸ್ ಪ್ರಮಾಣ ಇಳಿದಿರುತ್ತದೆ.

ತಾಯಿಮರಕ್ಕೆ ನಿಂಬೆ ಸಸಿ ಪರೀಕ್ಷೆ ಬಿಡಬೇಡಿ. ಕಾಗ್ಜಿ ನಿಂಬೆಯ ನಾಲ್ಕು ಸಸಿಗಳಿಗೆ ಆ ಮರದ ತಲಾ ಎರಡು ಕಣ್ಣು ಅಥವಾ ತೊಗಟೆ ಚೂರು ಕೂರಿಸಿ. ಪಕ್ಕದಲ್ಲಿ ಒಂದು ಆರೋಗ್ಯದ ಸಸಿ, ವೈರಸ್ ಇರುವುದು ಖಚಿತವಾದ ಒಂದು ಸಸಿ ಇರಲಿ. ಚೂರು ಹಿಡಿದ ಮೇಲೆ ತುದಿ ಕತ್ತರಿಸಿ ಚಿಗುರಿಸಿ. ಹಗಲು 24–27, ರಾತ್ರಿ 18–21 ಡಿಗ್ರಿ ಸೆಲ್ಸಿಯಸ್ ಇರಬೇಕು, ಬಿಸಿ ಹೆಚ್ಚಾದರೆ ಲಕ್ಷಣ ಮರೆಯಾಗುತ್ತದೆ. ವೈರಸ್ ಇದ್ದರೆ, ಎಳೆ ಎಲೆಯನ್ನು ಬೆಳಕಿಗೆ ಹಿಡಿದಾಗ ನರಗಳು ಅಲ್ಲಲ್ಲಿ ತಿಳಿಯಾಗಿ ಕಾಣುತ್ತವೆ, ಕೊನೆಗೆ ತೊಗಟೆ ಸುಲಿದರೆ ಕಾಂಡದಲ್ಲಿ ಗುಳಿಗಳಿರಬಹುದು. ತೀವ್ರತೆ ತೂಗಲು ಹುಳಿ ಕಿತ್ತಳೆ, ಗ್ರೇಪ್‌ಫ್ರೂಟ್ ಸಸಿಗಳೂ ಬೇಕು, ನಿಂಬೆಯೊಂದೇ ಸಾಲದು.

ಈ ವೈರಸ್ಸಿಗೆ ನಿರೋಧಕವಾದ ಟ್ರೈಫೋಲಿಯೇಟ್ ಎಂಬ ಮೂರೆಲೆ ಕಿತ್ತಳೆಯ ಬೇರುಸಸಿ ಹಾಕಿದರೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಆ ಗಿಡದ ನಿರೋಧಕತೆಯನ್ನೇ ಮುರಿಯುವ ಆರ್‌ಬಿ ಸ್ಟ್ರೇನ್‌ಗಳಿವೆ. ಮೇಲಾಗಿ ಇದೇ ವೈರಸ್ ತರುವ ಕಾಂಡಗುಳಿ ರೋಗ ಬೇರುಸಸಿ ಯಾವುದೆಂದು ಕೇಳಿಕೊಂಡು ಬರುವುದಿಲ್ಲ. ವೈರಸ್ ಇರುವ ತಾಯಿಮರದ ತಳಿ ಬೇಕೇಬೇಕೆಂದರೆ 0.1–0.2 ಮಿಲಿಮೀಟರಿನ ಚಿಗುರುತುದಿಯನ್ನು ಪ್ರಯೋಗಾಲಯದಲ್ಲಿ ಎಳೆ ಸಸಿಗೆ ಕಸಿ ಮಾಡಿಸಿ. ಹಾಗೆ ಬಂದ ಪ್ರತಿ ಗಿಡವನ್ನೂ ಮತ್ತೆ ಮೊದಲಿನಿಂದ ಪರೀಕ್ಷಿಸಿ, ಗಿಡಹೇನು ನುಸುಳದ ಬಲೆಮನೆಯಲ್ಲಿಟ್ಟ ಮೇಲೆಯೇ ಕಡ್ಡಿ ತೆಗೆಯಿರಿ.